ಹಾಡ್ಯಾಡಿ ಅತ್ತವರ ಅಂಕಿ

ತೆರೆಯ ಮೇಲೆ ಅಕ್ಕನ ಹೆಸರಿನ ಮುಂದೆ ಹನ್ನೊಂದು ಎಂದು ಮೂಡಿದಾಗ ಹುಸೇನಮ್ಮ ಕೂತಲ್ಲೇ ಕೈ ಮುಗಿದಳು. ಯಾವ ದೇವರಿಗೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಹೊಸಪೇಟೆಯ ಆ ಟಾಕೀಸು ಬಾಗಿಲು ಹಾಕಿ ಎಷ್ಟೋ ವರ್ಷವಾಗಿತ್ತು. ಉಸಿರುಜ್ವರದ ಎರಡನೆಯ ಬೇಸಿಗೆಯಲ್ಲಿ ಅದರ ಬೀಗ ತೆಗೆದರು. ತಲೆಗೊಂದು ಹೆಡ್‌ಫೋನು ಕೊಟ್ಟು, ಮೂರು ಕುರ್ಚಿಗೊಬ್ಬರಂತೆ ನಲವತ್ತು ಜನರನ್ನು ಕೂರಿಸಿದರು. ಹೀರೋಗಳು ಕುಣಿದ ತೆರೆಯ ಮೇಲೆ ಈಗ ಹೆಸರು ಮತ್ತು ಅಂಕಿ. ಮೂರು ತಾಲೂಕಿನಲ್ಲಿ ತಗಡು ಬಡಿದು ಮುಚ್ಚಿದ ಮನೆಗಳ ಒಳಗೆ ಯಾರು ಎಷ್ಟು ಅಂಜಿದ್ದಾರೆ ಎಂಬ ಅಂಕಿ.

ಅಳತೆ ಮಾಡುವ ಯಂತ್ರದ ಹೆಸರು ತಂಪು. ಅದು ಫೋನಿನೊಳಗೆ ಕೂತಿರುತ್ತಿತ್ತು. ಸೀಲ್ ಆದ ಮನೆಯ ಫೋನುಗಳಿಗೆ ಬೇರೆ ಕರೆ ಇಲ್ಲ, ವದಂತಿ ಹಬ್ಬಬಾರದು ನೋಡಿ. ದಿನಕ್ಕೆ ಇಪ್ಪತ್ತು ನಿಮಿಷ ತಂಪು ತಾನೇ ಕರೆ ಮಾಡಿ, ಮೆತ್ತನೆಯ ದನಿಯಲ್ಲಿ "ಹೇಗಿದ್ದೀರಿ, ಮನಸ್ಸಿನಲ್ಲಿರುವುದನ್ನು ಹೇಳಿ" ಎನ್ನುತ್ತಿತ್ತು. ಮಾತಿಗಿಂತ ಮಾತಿನ ನಡುಕವನ್ನು ಕೇಳಿಸಿಕೊಳ್ಳುತ್ತಿತ್ತು. ಉಸಿರು ಎಲ್ಲಿ ತುಂಡಾಯಿತು, ಗಂಟಲು ಎಲ್ಲಿ ಬಿಗಿಯಿತು, ಸೊಲ್ಲು ಎಲ್ಲಿ ತಡವರಿಸಿತು ಎಂದು ನೋಡಿ, ಸೊನ್ನೆಯಿಂದ ನೂರರ ತನಕ ಒಂದು ಅಂಕಿ ಕೊಡುತ್ತಿತ್ತು. ನಲವತ್ತರ ಕೆಳಗಿದ್ದರೆ ಹಸಿರು. ಹಸಿರಿನವರು ಸೀಲ್ ಮುಗಿದ ಕೂಡಲೇ ಕೆಲಸಕ್ಕೆ ಹೋಗಬೇಕು, ಚೆಕ್‌ಪೋಸ್ಟ್ ದಾಟಬಹುದು. ಎಪ್ಪತ್ತು ಮೀರಿದರೆ ಕೆಂಪು. ಕೆಂಪಿನವರ ಕರೆ ಮಾತ್ರ ಟಾಕೀಸಿನ ಮನುಷ್ಯರ ಕಿವಿಗೆ ಬರುತ್ತಿತ್ತು. ಅವರ ಮನೆಗೆ ಮಾತ್ರ ಆಶಾ ಕಾರ್ಯಕರ್ತೆ ಹೋಗುತ್ತಿದ್ದಳು.

ಅಂಜಿದವರು ಓಡುತ್ತಾರೆ, ಓಡಿದವರು ಜ್ವರ ಹೊತ್ತೊಯ್ಯುತ್ತಾರೆ ಎಂಬುದು ಸರಕಾರದ ಲೆಕ್ಕ. ಅಂಜಿಕೆಯೇ ರೋಗವೆಂದಾದ ಮೇಲೆ ಆಸ್ಪತ್ರೆ ಕಟ್ಟುವ ಉಸಾಬರಿ ಯಾರಿಗೆ ಬೇಕು?

ಹುಸೇನಮ್ಮ ಅಲ್ಲಿ ಕೇಳುಗಿ. ಅವಳ ಹುದ್ದೆಯ ಹೆಸರೇ ಅದು. ಅಕ್ಕ ಫಕೀರವ್ವ ಗಂಗಾವತಿಯ ಅಕ್ಕಿ ಮಿಲ್ಲಿನಲ್ಲಿ ಭತ್ತ ಹರವುವವಳು. ಗಂಡನಿಲ್ಲ. ಇದ್ದೊಬ್ಬ ಮಗಳು ರೇಣಿ, ಹತ್ತೊಂಬತ್ತರ ಹುಡುಗಿ, ಮೂರು ದಿನದ ಹಿಂದೆ ಜ್ವರದ ವಾರ್ಡಿನಲ್ಲಿ ತೀರಿಕೊಂಡಿದ್ದಳು. ಹೆಣ ತೋರಿಸಲಿಲ್ಲ. ಫಕೀರವ್ವನನ್ನು ಮಿಲ್ಲಿನ ಕೂಲಿಗಳ ಲೈನುಮನೆಯ ಒಳಗೆ ಬಿಟ್ಟು ಬಾಗಿಲಿಗೆ ತಗಡು ಹೊಡೆದರು. ಊಟ ತಳ್ಳಲು ಒಂದು ಗೇಣಿನ ಕಿಂಡಿ.

ಅಕ್ಕ ಏನಾದಳೋ ಎಂಬ ಭಯದಲ್ಲಿ ಮೂರು ದಿನ ಹುಸೇನಮ್ಮ ತೆರೆಯ ಮೇಲೆ ಆ ಹೆಸರನ್ನೇ ಹುಡುಕುತ್ತಿದ್ದಳು. ರಕ್ತಸಂಬಂಧಿಕರ ಲೈನು ಕೇಳುವಂತಿಲ್ಲ ಎಂಬುದು ಟಾಕೀಸು ನಡೆಸುವ ಕಂಪನಿಯ ನಿಯಮ. ಈಗ ಹನ್ನೊಂದು. ಅಂಕಿಯ ಪಕ್ಕದಲ್ಲಿ ತಂಪಿನ ಟಿಪ್ಪಣಿ: ಹಾಡುತ್ತಿದ್ದಾರೆ. ಲಯ ಸ್ಥಿರ. ಮನಸ್ಸು ಪ್ರಸನ್ನ.

"ನಮ್ಮಕ್ಕ ಗಟ್ಟಿ ಬೇ" ಎಂದಳು ಪಕ್ಕದ ಸಾಲಿನ ತಬಸ್ಸುಮ್‌ಗೆ.

"ಹನ್ನೊಂದಾ? ನಂದು ಮುಂಜಾನಿ ಮೂವತ್ತೆಂಟು ಬಂದಿತ್ತು. ಇನ್ನೆರಡು ಏರಿದ್ರ ಗೇಟಿನ್ಯಾಗ ಒಳಗ ಬಿಡ್ತಿರಲಿಲ್ಲ, ಜೀವ ಬಾಯಿಗೆ ಬಂತು. ನಿಮ್ಮಕ್ಕನ್ನ ತಂದು ಇಲ್ಲಿ ಕುಂಡ್ರಸು, ನಮಗ ಧೈರ್ಯ ಹೇಳ್ಲಿ" ಎಂದಳು ತಬಸ್ಸುಮ್. ಅವಳು ತಪಾಸಣೆಯವಳು. ದಿನಕ್ಕೆ ಹತ್ತು ಲೈನು ತನಗೆ ಬೇಕಾದಂತೆ ತೆರೆದು, ಯಂತ್ರ ಸರಿಯಾಗಿ ಮಾತಾಡುತ್ತಿದೆಯೇ ಎಂದು ನೋಡುವುದು ಅವಳ ಕೆಲಸ.

ಇಬ್ಬರೂ ನಕ್ಕರು. ಹುಸೇನಮ್ಮ ಆ ನಗುವನ್ನು ಆಮೇಲೆ ಎಷ್ಟೋ ಸಲ ನೆನೆದು ಹಲ್ಲು ಕಚ್ಚಿದಳು.

ಸಂಜೆ ಮನೆಗೆ ಬಂದಾಗ ಅವ್ವ ನಾಗವ್ವ ಬಾಗಿಲಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಮೊಮ್ಮಗಳು ಸತ್ತ ಸುದ್ದಿ ಬಂದಂದಿನಿಂದ ಅವಳ ಕೈಗೆ ಕೆಲಸ ಸಾಲದಾಗಿತ್ತು. ಸುಲಿದದ್ದನ್ನೇ ಮತ್ತೆ ಆರಿಸುತ್ತಿದ್ದಳು.

"ಯವ್ವಾ, ಅಕ್ಕ ಚಲೋ ಅದಾಳ. ಹನ್ನೊಂದು ಬಂದೈತಿ."

"ಅಂದ್ರ?"

"ನೂರಕ್ಕ ಹನ್ನೊಂದ ಅಂಜಿಕಿ. ಹಾಡಾಕತ್ತಾಳಂತ."

ನಾಗವ್ವನ ಕೈ ನಿಂತಿತು. ಮೊರ ಪಕ್ಕಕ್ಕೆ ಸರಿಸಿದಳು.

"ಹಾಡಾಕತ್ತಾಳಾ? ಮಗಳು ಸತ್ತು ಮೂರು ದಿನಕ್ಕ ಆಕಿ ಯಾವ ಹಾಡು ಹಾಡ್ತಾಳ ಹುಸೇನಿ?"

ಹುಸೇನಮ್ಮ ಹೊಸ್ತಿಲಲ್ಲೇ ಕುಸಿದು ಕೂತಳು.

ಆ ಕೇರಿಯಲ್ಲಿ ಯಾರು ಸತ್ತರೂ ನಾಗವ್ವನಿಗೆ ಕರೆ ಬರುತ್ತಿತ್ತು. ಹಾಡ್ಯಾಡಿ ಅಳುವುದರಲ್ಲಿ ಅವಳದು ಎತ್ತಿದ ಕೈ. ಸತ್ತವರು ಉಂಡದ್ದು, ಉಟ್ಟದ್ದು, ಬೈದದ್ದು, ಬಿಟ್ಟು ಹೋದದ್ದು ಎಲ್ಲವನ್ನೂ ರಾಗಕ್ಕೆ ಹಚ್ಚಿ, ಸೊಲ್ಲಿನ ಕೊನೆಯಲ್ಲಿ ಹೆಸರು ಹಿಡಿದು ಎಳೆಯುವಳು. ಆ ಅಳುವಿಗೆ ಒಂದು ಕಟ್ಟಳೆಯಿದೆ. ಒಬ್ಬಳು ಎತ್ತಿಕೊಂಡರೆ ಇನ್ನೊಬ್ಬಳು ಬಂದು ಕೊರಳಿಗೆ ಬಿದ್ದು ಜತೆಗೆ ಅಳಬೇಕು. ಆಗಲೇ ಮೊದಲಿನವಳು ನಿಲ್ಲಿಸುವುದು, ಆಗಲೇ ಅವಳ ಬಾಯಿಗೆ ನೀರು ಹಾಕುವುದು. ಯಾರೂ ಕೊರಳಿಗೆ ಬೀಳದಿದ್ದರೆ ಅವಳು ನಿಲ್ಲಿಸುವಂತಿಲ್ಲ.

ತಂಪಿಗೆ ಅಳು ಕಲಿಸಿದವರು ಎಲ್ಲೋ ದೂರದ ನಗರದಲ್ಲಿ, ತಣ್ಣನೆಯ ಕೋಣೆಯಲ್ಲಿ, ಕರ್ಚೀಪು ಹಿಡಿದು ಬಿಕ್ಕಿದವರು. ಬಿಕ್ಕಿದರೆ ದುಃಖ, ತೊದಲಿದರೆ ಭಯ, ರಾಗವಿದ್ದರೆ ಸಂತೋಷ. ನಮ್ಮವರ ಗಂಟಲನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಅದಿರಲಿ, ಯಂತ್ರಕ್ಕೆ ಗೊತ್ತಿರಲಿಲ್ಲ ಎನ್ನೋಣ. ಆ ಅಳುವಿನ ತೊಡೆಯ ಮೇಲೆ ಬೆಳೆದ ಹುಸೇನಮ್ಮನಿಗೆ ಏನಾಗಿತ್ತು? ಅಂಕಿ ನೋಡಿ ಅಕ್ಕನನ್ನು ಮರೆತಿದ್ದಳು.

"ಮೂರು ದಿನದಿಂದ ಒಬ್ಬಾಕಿನ ಎತ್ತಿಕೊಂಡಾಳ" ಎಂದಳು ನಾಗವ್ವ. ಅವಳ ದನಿ ನಡುಗಲಿಲ್ಲ, ಒಣಗಿತ್ತು. "ಕೊರಳಿಗೆ ಬೀಳಾವ್ರಿಲ್ಲ. ನೀರ ಮುಟ್ಟಂಗಿಲ್ಲ ಆಕಿ. ಈ ಬಿಸಲಾಗ, ತಗಡಿನ ಒಳಗ."

ಮರುದಿನ ಟಾಕೀಸಿನ ಬಾಗಿಲು ತೆರೆಯುವ ಮೊದಲೇ ಹುಸೇನಮ್ಮ ಗೇಟಿನಲ್ಲಿದ್ದಳು. ತಬಸ್ಸುಮ್ ಬಂದ ಕೂಡಲೇ ಕೈ ಹಿಡಿದಳು. ಮುಟ್ಟಬಾರದೆಂಬ ನಿಯಮ ಇಬ್ಬರಿಗೂ ನೆನಪಾಗಲಿಲ್ಲ.

"ನಿನ್ನ ಕುರ್ಚಿ ಹತ್ತು ನಿಮಿಷ ಕೊಡು."

"ಕೆಲಸ ಹೋಗ್ತದ ಹುಸೇನಾ. ನಿಂದೂ, ನಂದೂ."

"ಅಕ್ಕ ಹೋಗ್ತಾಳ."

ತಬಸ್ಸುಮ್ ಸುತ್ತ ನೋಡಿದಳು. ಮೇಲ್ವಿಚಾರಕ ಸುಧನ್ವ ಇನ್ನೂ ಬಂದಿರಲಿಲ್ಲ. ಹೆಡ್‌ಫೋನು ಕಳಚಿ ಕೊಟ್ಟು, ಕಾವಲು ಇರುವವಳಂತೆ ಸಾಲಿನ ತುದಿಯಲ್ಲಿ ಹೋಗಿ ನಿಂತಳು.

ಲೈನು ತೆರೆಯಿತು. ಮೊದಲು ತಗಡು ಬಿಸಿಲಿಗೆ ಚಟ್ ಚಟ್ ಎನ್ನುವ ಸದ್ದು. ಅದರ ಒಳಗಿಂದ ದಾರದೆಳೆಯಂಥ ರಾಗ:

"ಉಂಡ ತಾಟು ಹಂಗ ಐತಿ ನನ ರೇಣವ್ವಾ, ತೊಳಿಯಾಕ ಕೈ ಬರವಲ್ದ...
ನೀ ಬಿಟ್ಟ ಚಂಬಿನ ನೀರು ನನ ರೇಣವ್ವಾ, ನಾ ಹ್ಯಾಂಗ ಕುಡಿಯಲೇ..."

ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿ ಬಿಡುವ ಸದ್ದು ಸಹ ಕೇಳುತ್ತಿತ್ತು. ಆದರೆ ರಾಗ ತಪ್ಪಿರಲಿಲ್ಲ. ತೆರೆಯ ಮೇಲೆ ಅಂಕಿ ಹನ್ನೊಂದರಿಂದ ಒಂಬತ್ತಕ್ಕೆ ಇಳಿಯಿತು. ಸಾಯುತ್ತಿರುವವಳ ಉಸಿರು ಸಣ್ಣಗಾದಂತೆಲ್ಲ ತಂಪಿಗೆ ಅವಳು ಇನ್ನಷ್ಟು ಪ್ರಸನ್ನಳಾಗಿ ಕಂಡಳು.

"ಅಕ್ಕಾ! ಅಕ್ಕಾ, ನಾನು ಹುಸೇನಿ!"

ರಾಗ ನಿಂತಿತು. ಆಮೇಲೆ ಫಕೀರವ್ವ ಮೆಲ್ಲಗೆ ಅಂದಳು: "ಸುಳ್ಳು ಹೇಳಬ್ಯಾಡ. ನೀ ಯಂತ್ರ. ನನ್ನ ತಂಗಿ ಹಿಂಗ ಮಾತಾಡಂಗಿಲ್ಲ. ರೇಣಿ ಹೋದದ್ದು ಕೇಳಿ ಆಕಿ ಇಷ್ಟು ತಣ್ಣಗ ಇರ್ತಾಳೇನು?"

ಹುಸೇನಮ್ಮನಿಗೆ ಆಗ ಹೊಳೆಯಿತು. ಇಸ್ತ್ರಿ!

ಕೇಳುಗಿಯರು ಅದನ್ನು ಇಸ್ತ್ರಿ ಎಂದೇ ಕರೆಯುತ್ತಿದ್ದರು. ಅವರ ದನಿ ರೋಗಿಯ ಕಿವಿಗೆ ಹೋಗುವ ಮುಂಚೆ ತಂಪು ಅದರ ನಡುಕ, ಬಿಕ್ಕು, ಸಿಟ್ಟು ಎಲ್ಲವನ್ನೂ ಒತ್ತಿ ನುಣುಪು ಮಾಡುತ್ತಿತ್ತು. ಕೇಳುಗಿ ಅಳಬಾರದು, ಅತ್ತರೂ ಕೇಳಿಸಬಾರದು. ಹುಸೇನಮ್ಮ ಎದೆ ಬಿರಿಯುವಂತೆ ಕೂಗಿದ್ದಳು. ಅಕ್ಕನಿಗೆ ಕೇಳಿಸಿದ್ದು ಬ್ಯಾಂಕಿನ ಕರೆಯಂಥ ಮೆತ್ತನೆಯ ಮಾತು.

ಇಸ್ತ್ರಿ ಮುಟ್ಟದ್ದು ಒಂದೇ ಒಂದು. ಮೊದಮೊದಲು ಕೆಲವು ಕೇಳುಗಿಯರು ಮಕ್ಕಳಿಗೆ ಜೋಗುಳ ಹಾಡುತ್ತಿದ್ದರು. ಇಸ್ತ್ರಿ ಬಿದ್ದು ರಾಗ ಕೆಟ್ಟು ಮಕ್ಕಳು ಚೀರುತ್ತಿದ್ದವು. ಅಂದಿನಿಂದ, ಹಾಡು ಬಂದರೆ ಹಾಗೇ ಬಿಡು ಎಂದು ತಂಪಿಗೆ ಹೇಳಿಟ್ಟಿದ್ದರು.

ಹುಸೇನಮ್ಮ ತನ್ನ ಜನ್ಮದಲ್ಲಿ ಹಾಡ್ಯಾಡಿ ಅತ್ತವಳಲ್ಲ. ಓದಿದವಳು, ಆಫೀಸಿಗೆ ಹೋಗುವವಳು, ನಾಚುತ್ತಿದ್ದಳು. ಕಣ್ಣು ಮುಚ್ಚಿಕೊಂಡಳು. ಅವ್ವನ ಗಂಟಲನ್ನು ನೆನೆದಳು. ಮೊದಲ ಸೊಲ್ಲು ಒಡೆದ ಮಡಕೆಯಂತೆ ಬಂತು:

"ತಗಡು ಹೊಡದಾರ ನನ್ನಕ್ಕಾ, ದಾರಿಗೆ ಬೇಲಿ ಹಚ್ಚ್ಯಾರ...
ಬಂದೇನಿ ಬಾಗಿಲಿಗೆ ನನ್ನಕ್ಕಾ, ಕೊರಳ ಕೊಡ ನನಗ..."

ಆ ಕಡೆ ಉಸಿರೆಳೆದ ಸದ್ದು. "ಹುಸೇನೀ..."

"ಚಂಬ ಎತ್ತ ನನ್ನಕ್ಕಾ, ಗುಟುಕು ನೀರ ಕುಡಿಯ...
ರಾಗ ಬಿಡ ನನ್ನಕ್ಕಾ, ಇವರಿಗೆ ಹಾಡಂತ ಕೇಳತೈತಿ...
ಚೀರ ನನ್ನಕ್ಕಾ, ತಗಡಿಗೆ ಬಡಕೊಂಡು ಚೀರ..."

ನಮ್ಮ ಅಳು ಅಳುವೇ ಎಂದು ಸಾಬೀತು ಮಾಡಲು ಅವರ ಹಾಗೆ ಅಳಬೇಕು! ಹುಸೇನಮ್ಮ ಅಕ್ಕನಿಗೆ ಅದನ್ನೇ ಹೇಳಬೇಕಾಯಿತು. ಬೇರೆ ದಾರಿ ಇರಲಿಲ್ಲ. ಚಂಬು ನೆಲಕ್ಕೆ ತಾಗಿದ ಸದ್ದು, ಗುಟುಕರಿಸಿದ ಸದ್ದು, ಕೆಮ್ಮು. ಆಮೇಲೆ ಫಕೀರವ್ವ ಚೀರಿದಳು. ತಗಡಿಗೆ ಎರಡೂ ಕೈಯಿಂದ ಬಡಿದು, ಮಗಳ ಹೆಸರು ಹಿಡಿದು, ರಾಗವಿಲ್ಲದೆ, ಲಯವಿಲ್ಲದೆ ಚೀರಿದಳು. ಒಂಬತ್ತು. ಮೂವತ್ತು. ಅರವತ್ತಾರು. ಎಂಬತ್ತೆಂಟು. ತೆರೆಯ ಮೇಲೆ ಅವಳ ಹೆಸರು ಕೆಂಪಾಯಿತು.

ಅರ್ಧ ತಾಸಿನಲ್ಲಿ ಆಶಾ ಕಾರ್ಯಕರ್ತೆ ಹನುಮಕ್ಕ ಕಿಂಡಿಯಿಂದ ಉಪ್ಪು ಸಕ್ಕರೆ ನೀರು, ಗಂಜಿ ತಳ್ಳಿದಳೆಂದು ತೆರೆ ಹೇಳಿತು. ಹುಸೇನಮ್ಮ ಕಣ್ಣೊರೆಸಿಕೊಂಡು ತಿರುಗಿದಾಗ ಹಿಂದೆ ಸುಧನ್ವ ನಿಂತಿದ್ದ. ಇಪ್ಪತ್ತೆಂಟರ ಹುಡುಗ, ಮುಖಕ್ಕೆರಡು ಮಾಸ್ಕು. ಬೈಯುತ್ತಾನೆಂದುಕೊಂಡಳು.

"ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದ. ಅವನ ಕಣ್ಣು ಹೊಳೆಯುತ್ತಿದ್ದವು. "ನಿಯಮ ಮುರಿದಿದ್ದೀರಿ, ಆದ್ರೆ ಪರವಾಗಿಲ್ಲ. ಅದೇನು ಹಾಡಿದ್ರಲ್ಲ, ಒಬ್ಬರು ಹಾಡಿ ಇನ್ನೊಬ್ಬರು ಸೇರ್ಕೊಳ್ಳೋದು, ಏನಂತಾರೆ ಅದಕ್ಕೆ?"

"ಹಾಡ್ಯಾಡಿ ಅಳೂದು ಅಂತಾರ ಸರ್. ಅದು ಹಾಡಲ್ಲ. ಟಿಪ್ಪಣಿ ಎಣಿಸೇನಿ, ಅಂಥವ್ರು ಇನ್ನೂ ಮುನ್ನೂರು ಮಂದಿ ಅದಾರ ಸರ್, ಹಸಿರಿನ್ಯಾಗ. ಹಾಡುತ್ತಿದ್ದಾರೆ ಅಂತ ಟಿಪ್ಪಣಿ ಇರೋ ಎಲ್ಲಾ ಮನಿಗೂ ಆಶಾದವ್ರನ್ನ ಕಳಸ್ರಿ. ಸಾಯ್ತಾರ."

"ಖಂಡಿತ. ಖಂಡಿತ ಅವರಿಗೆ ಏನಾದ್ರೂ ಮಾಡೋಣ" ಎಂದ ಸುಧನ್ವ.

ಮಾಡಿದರು. ಅದಾದ ನಾಲ್ಕನೆಯ ದಿನ ತಬಸ್ಸುಮ್ ತಪಾಸಣೆಗೆಂದು ಒಂದು ಲೈನು ತೆರೆದವಳು ಹಾಗೇ ಕಲ್ಲಾದಳು. ಹೆಡ್‌ಫೋನು ಬಿಚ್ಚಿ ಹುಸೇನಮ್ಮನ ಕಿವಿಗೆ ಹಿಡಿದಳು.

ಕಂಪ್ಲಿಯ ಯಾವುದೋ ಮನೆಯಲ್ಲಿ ಯಾವಳೋ ಹೆಣ್ಣುಮಗಳು ಗಂಡನ ಹೆಸರು ಹಿಡಿದು ಅಳುತ್ತಿದ್ದಳು. ಅವಳ ಜತೆಗೆ ಹುಸೇನಮ್ಮ ಅಳುತ್ತಿದ್ದಳು. ಅದೇ ಒಡೆದ ಗಂಟಲು, ಅದೇ ಎಳೆತ. "ಬಂದೇನಿ ಬಾಗಿಲಿಗೆ ನನ್ನಕ್ಕಾ, ಕೊರಳ ಕೊಡ ನನಗ..." ಹುಸೇನಮ್ಮನ ತುಟಿ ಮುಚ್ಚಿತ್ತು. ತಬಸ್ಸುಮ್ ಇನ್ನೊಂದು ಲೈನು ತೆರೆದಳು. ಅಲ್ಲಿಯೂ ಹುಸೇನಮ್ಮ. ಮತ್ತೊಂದು. ಅಲ್ಲಿಯೂ. ಒಂದೇ ಹೊತ್ತಿಗೆ ಮುನ್ನೂರು ಬಾಗಿಲಲ್ಲಿ ಅವಳು ಬಂದೇನಿ ಬಂದೇನಿ ಎನ್ನುತ್ತಿದ್ದಳು. ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ನಿಲ್ಲಿಸುತ್ತಿದ್ದಳು. ತೆರೆ ಇಡಿಯಾಗಿ ಹಸಿರಾಗಿತ್ತು, ಭತ್ತದ ಗದ್ದೆಯಂತೆ.

ಅವಳ ದನಿಯನ್ನು ತೆಗೆದು ತಂಪಿನ ಬಾಯಿಗೆ ಹಾಕಿದ್ದರು, ಅಂಕಿ ಹಾಕುವ ರೀತಿಯನ್ನು ಮಾತ್ರ ಅವರು ಬದಲಿಸಿರಲಿಲ್ಲ. ಯಾಕೆ ಬದಲಿಸುತ್ತಾರೆ? ಕೆಂಪಾದರೆ ಮನುಷ್ಯರನ್ನು ಕಳಿಸಬೇಕಲ್ಲ!

ಹುಸೇನಮ್ಮನಿಗೆ ತನ್ನ ಗಂಟಲನ್ನು ಯಾರೋ ಕಿತ್ತು ಒಯ್ದಂತೆ ಅನಿಸಿ ಕುತ್ತಿಗೆ ಮುಟ್ಟಿ ನೋಡಿಕೊಂಡಳು. ಅಷ್ಟರಲ್ಲಿ ಅವಳ ಸ್ವಂತ ಫೋನು ನಡುಗಿತು. ಹನುಮಕ್ಕ.

"ನೀವು ಫಕೀರವ್ವನ ತಂಗಿ ಏನ್ರಿ? ನಿಮ್ಮ ನಂಬರು ಮಿಲ್ಲಿನ್ಯಾಗ ಇಸ್ಕೊಂಡೆ. ನಿಮ್ಮಕ್ಕ ಮತ್ತ ಹಸಿರಾಗ್ಯಾಳ, ನಾ ಹೋಗಂಗಿಲ್ಲ, ಆದ್ರೂ ದಾರ್ಯಾಗ ಹಣಕಿ ಹಾಕಿದೆ. ಎರಡು ದಿನದ ಗಂಜಿ ಕಿಂಡ್ಯಾಗ ಹಳಸೈತ್ರಿ. ತಂಗಿ ಬರ್ತಾಳ, ಬಂದ ಮ್ಯಾಲೆ ನೀರು ಕುಡೀತೀನಿ ಅಂತ ಕುಂತಾಳ. ದಿನಾ ನೀವ ಫೋನ್ ಮಾಡಿ ಬರ್ತೀನಿ ಅಂತೀರಂತ. ಬರಾಕ ಆಗದಿದ್ರ ಯಾಕ ಹೇಳ್ತೀರಿ ತಾಯಿ?"

ಅವ್ವನಿಗೆ ಹೇಳಿದಾಗ ನಾಗವ್ವ ಬೈಯಲಿಲ್ಲ, ಅಳಲಿಲ್ಲ. ಒಂದು ಬಾಟಲಿಯಲ್ಲಿ ನೀರು ತುಂಬಿ ಕೊಟ್ಟಳು. "ದನಿ ಕಳಿಸಿದ್ದು ಸಾಕು. ಕೈ ಒಯ್ಯಿ" ಎಂದಳು.

ತಬಸ್ಸುಮ್ ತನ್ನ ತಮ್ಮನ ಸ್ಕೂಟಿ ಕೊಟ್ಟಳು. ತಾಲೂಕಿನ ಗಡಿಯ ಚೆಕ್‌ಪೋಸ್ಟಿನಲ್ಲಿ ಮಟಮಟ ಮಧ್ಯಾಹ್ನ. ಹಾಡುಹಗಲಲ್ಲೂ ಹುಸೇನಮ್ಮನ ಕಣ್ಣು ಕತ್ತಲಿಡುತ್ತಿತ್ತು. ಪೇದೆ ಕೋಲಿಗೆ ಕಟ್ಟಿದ ಫೋನನ್ನು ಅವಳ ಬಾಯಿಯ ಹತ್ತಿರ ಚಾಚಿದ.

"ಮಾತಾಡವಾ, ಹೆಸರು, ಊರು. ನಲವತ್ತರ ಮ್ಯಾಲೆ ಬಂದ್ರ ಗಾಡಿ ಬಿಟ್ಟು ಆ ವ್ಯಾನ್ ಹತ್ತು."

ವ್ಯಾನಿನ ಕಿಟಕಿಗಳಿಗೆ ಬಣ್ಣ ಬಳಿದಿತ್ತು. ಹತ್ತಿದವರು ಎಲ್ಲಿಗೆ ಹೋಗುತ್ತಾರೆಂದು ಟಾಕೀಸಿನಲ್ಲಿಯೂ ಯಾರೂ ಕೇಳುತ್ತಿರಲಿಲ್ಲ. ಹುಸೇನಮ್ಮನ ನಾಲಿಗೆ ಮರದ ತುಂಡಾಗಿತ್ತು. ಹೆಸರು ಹೇಳಲು ಹೊರಟರೆ ತೊಂಬತ್ತು ಬರುವುದು ಖಂಡಿತ. ಅವಳು ಹೆಸರನ್ನು ಹೇಳಲಿಲ್ಲ, ಎತ್ತಿಕೊಂಡಳು. "ಹುಸೇನಿ ನಾನಣ್ಣಾ, ಗಂಗಾವತಿ ದಾರಿ ಬಿಡೋ ನನ್ನಣ್ಣಾ..." ಕಣ್ಣಿಂದ ನೀರು ಧಾರೆಯಾಗಿ ಮಾಸ್ಕಿನೊಳಗೆ ಇಳಿಯಿತು.

ಫೋನು ಟಿಂಗ್ ಎಂದಿತು. ಎಂಟು. ಹಸಿರು.

ಪೇದೆ ಅಂಕಿ ನೋಡಿದ, ಅವಳ ಕಣ್ಣು ನೋಡಿದ, ಮತ್ತೆ ಅಂಕಿ ನೋಡಿದ. ದಾರಿಗೆ ಅಡ್ಡ ಕಟ್ಟಿದ್ದ ಬಿದಿರನ್ನು ಮೇಲೆತ್ತಿದ.

ಲೈನುಮನೆಗಳ ಓಣಿಯಲ್ಲಿ ನಾಯಿ ಸಹ ಇರಲಿಲ್ಲ. ಸಾಲಿಗೆ ಸಾಲು ತಗಡು, ಬಿಸಿಲಿಗೆ ಚಟ್ ಚಟ್. ಏಳನೆಯ ಮನೆ. ಹುಸೇನಮ್ಮ ಕಿಂಡಿಯ ಮುಂದೆ ಮೊಣಕಾಲೂರಿ ಕೂತಳು. ಹಳಸಿದ ಗಂಜಿಯ ವಾಸನೆ ಮುಖಕ್ಕೆ ಹೊಡೆಯಿತು.

"ಅಕ್ಕಾ, ಬಂದೇನಿ."

ಒಳಗಿನಿಂದ ಬಂದದ್ದು ದನಿಯ ಸಿಪ್ಪೆಯಂತಿತ್ತು.

"ನಿನ್ನೆನೂ ಬಂದೇನಿ ಅಂದಿ. ಮೊನ್ನೆನೂ ಅಂದಿ. ತೆವಳಿಕೊಂಡು ಕಿಂಡಿಗೆ ಬಂದು ನೋಡಿದ್ರ ಯಾರೂ ಇರಲಿಲ್ಲ. ಸಾಕ ಮಾಡು ಇನ್ನ. ನನಗ ಅಂಜಿಕಿ ಬರ್ತೈತಿ ನಿನ್ನ ದನಿ ಕೇಳಿದ್ರ."

ಹುಸೇನಮ್ಮ ಹಾಡ್ಯಾಡಲು ಬಾಯಿ ತೆರೆದಳು. ಮುಚ್ಚಿದಳು. ಅಳುವುದೂ ಅವರ ಬಳಿ ಇತ್ತು, ಕರೆಯುವುದೂ ಇತ್ತು. ಅಕ್ಕಾ ಎಂಬ ಎರಡಕ್ಷರ ಸಹ ಅವರ ಬಳಿ ಇತ್ತು. ತನ್ನದೆನ್ನುವ ದನಿ ಅವಳಿಗೆ ಉಳಿದಿರಲಿಲ್ಲ.

ಕೈಗವಸು ಕಿತ್ತು ಎಸೆದಳು. ಬರಿಗೈಯನ್ನು ಕಿಂಡಿಯೊಳಗೆ ತೂರಿದಳು. ಕಾದ ತಗಡಿನ ಅಂಚು ಮೊಣಕೈಯ ಚರ್ಮ ಸೀಳಿತು. ಭುಜದ ತನಕ ತೂರಿ, ಕತ್ತಲಲ್ಲಿ ಬೆರಳು ಅಗಲಿಸಿ, ಕೆನ್ನೆಯನ್ನು ತಗಡಿಗೆ ಒತ್ತಿ, ಸುಮ್ಮನೆ ಕೂತಳು. ಒಳಗಿನ ಉಸಿರಲ್ಲಿ ಜ್ವರವಿದೆಯೋ ಏನೋ ಎಂದು ಅವಳ ಜೀವ ಪತರುಗುಟ್ಟುತ್ತಿತ್ತು. ಕೈ ಹಿಂದೆಗೆಯಲಿಲ್ಲ.

ಬಹಳ ಹೊತ್ತಿನ ಮೇಲೆ ನೆಲದಲ್ಲಿ ಏನೋ ತೆವಳಿದ ಸದ್ದು. ಒಣಗಿದ ಬೆರಳೊಂದು ಅವಳ ಹೆಬ್ಬೆರಳನ್ನು ಮುಟ್ಟಿ, ಬೆಂಕಿ ತಾಗಿದಂತೆ ಹಿಂದೆ ಸರಿಯಿತು. ಮತ್ತೆ ಬಂತು. ಅಂಗೈ ತಡವಿತು. ಚಿಕ್ಕಂದಿನಲ್ಲಿ ಕುಡುಗೋಲು ತಾಗಿದ್ದ ಗಾಯದ ಗುರುತನ್ನು ಹುಡುಕಿತು. ಸಿಕ್ಕಿತು.

ಆ ಕೈಯನ್ನು ಫಕೀರವ್ವ ಎರಡೂ ಕೈಯಿಂದ ಎಳೆದು ತನ್ನ ಕೊರಳಿಗೆ ಸುತ್ತಿಕೊಂಡಳು.

"ನೀರ ಕೊಡ" ಎಂದಳು.